ಇಂದೋರಿನ ಬೆಳಕಿನ ಬಳೆಯೂ ನಮ್ಮ ಕಡೆಯ ಸಂಶೋಧಕರೂ



ಈ ಪುಟದಲ್ಲಿ ನಾನು ಸಾಮಾನ್ಯವಾಗಿ ನಮ್ಮ ಸೀಮೆಯ ಇತಿಹಾಸವನ್ನು ಬರೆಯುವವನು. ಚಾಲುಕ್ಯರು, ಕಲಾದಗಿ, ಇಳಕಲ್ಲಿನ ಮಗ್ಗ, ಹುನಗುಂದದ ಹಳೆಯ ದಾರಿಗಳು ಎಂದು ಓದಿ ಓದಿ ನಿಮಗೂ ಬೇಸರ ಬಂದಿರಬಹುದು. ಈ ಸಲ ಒಂದು ಬೆಳಕಿನ ಇತಿಹಾಸವನ್ನು ಬರೆಯುತ್ತಿದ್ದೇನೆ. ಅದಕ್ಕೆ ಕಾರಣವಿದೆ. ನನ್ನಲ್ಲಿ ಹತ್ತನೆಯ ಇಯತ್ತೆಯವರೆಗೆ ಓದಿ, ಈಗ ರಸಾಯನಶಾಸ್ತ್ರದಲ್ಲಿ ಸಂಶೋಧನೆ ಮಾಡುತ್ತಿರುವ ನಮ್ಮ ಹುಡುಗನೊಬ್ಬ ದೂರವಾಣಿಯಲ್ಲಿ ಮಾತನಾಡುತ್ತ, ತನ್ನ ಮಾರ್ಗದರ್ಶಕರು ಇಂದೋರಿನ ಸಿಂಕ್ರೊಟ್ರಾನಿಗೆ ಪ್ರಸ್ತಾವ ಕಳಿಸಲು ಹೇಳಿದ್ದಾರೆಂದೂ, ತಾನು ಹಿಂಜರಿಯುತ್ತಿರುವನೆಂದೂ ತಿಳಿಸಿದ. "ಸರ್, ಅಷ್ಟು ದೊಡ್ಡ ಯಂತ್ರದ ಹತ್ರ ನಮ್ಮಂಥವರನ್ನ ಯಾರ್ರೀ ಬಿಡ್ತಾರ?" ಎಂಬುದು ಅವನ ಮಾತು.

ಆ ಮಾತು ನನ್ನನ್ನು ಕೆಲವು ದಿನ ಕಾಡಿತು. ಸೂರ್ಯನನ್ನು ಹಣ್ಣೆಂದು ತಿಳಿದು ಹಾರಿದವನ ಗುಡಿಯಿರುವ ತುಳಸಿಗೇರಿಯ ಕಡೆಯವರು ಬೆಳಕಿಗೆ ಅಂಜುವುದೇ ಎಂದು ನಗೆಯಾಡಿದೆನಾದರೂ ಅವನ ಅಂಜಿಕೆ ನಗುವ ಸಂಗತಿಯಾಗಿರಲಿಲ್ಲ. ಆ ಯಂತ್ರ ಯಾರದು, ಅದರ ಹಿಂದೆ ಯಾರ ಶ್ರಮವಿದೆ ಎಂಬುದು ತಿಳಿಯದಿದ್ದರೆ ಅದು ಪರರ ಮನೆಯ ಸೊತ್ತಿನಂತೆ ಕಾಣುವುದು ಸಹಜ. ನಾನು ಸ್ವತಃ ಅಂಥ ಯಂತ್ರದ ಮುಂದೆ ಕುಳಿತವನಲ್ಲ. ಆದರೆ ಅಲ್ಲಿ ಹಲವು ರಾತ್ರಿ ಕೆಲಸ ಮಾಡಿದ ಇನ್ನೊಬ್ಬ ಹಳೆಯ ವಿದ್ಯಾರ್ಥಿನಿಯಿಂದ ಕೇಳಿ ಬರೆದುಕೊಂಡ ವಿವರಗಳೂ, ನಾನು ಓದಿ ತಿಳಿದ ಇತಿಹಾಸವೂ ಸೇರಿ ಈ ಲೇಖನವಾಗಿದೆ.

ಮೈಲುತುತ್ತದ ಹರಳಿನಿಂದ ಆರಂಭ

ಜರ್ಮನಿಯ ವ್ಯೂರ್ತ್ಸ್‌ಬುರ್ಗ್ ನಗರದಲ್ಲಿ ರಾಂಟ್ಜೆನ್ ಕ್ಷ-ಕಿರಣವನ್ನು ಕಂಡದ್ದು 1895ರ ನವೆಂಬರ್ 8ರಂದು. ಇದನ್ನು ನೀವೆಲ್ಲ ಶಾಲೆಯಲ್ಲಿ ಓದಿದ್ದೀರಿ. ಆ ಕಿರಣಗಳು ಅಲೆಗಳೋ ಕಣಗಳೋ ಎಂಬ ವಾದ ಮುಂದೆ ಹದಿನೇಳು ವರ್ಷ ನಡೆಯಿತು. 1912ರಲ್ಲಿ ಮ್ಯಾಕ್ಸ್ ಫಾನ್ ಲಾವೆಯ ಸೂಚನೆಯಂತೆ ಫ್ರೀಡ್ರಿಖ್ ಮತ್ತು ಕ್ನಿಪ್ಪಿಂಗ್ ಎಂಬಿಬ್ಬರು ಒಂದು ಹರಳಿನ ಮೂಲಕ ಕ್ಷ-ಕಿರಣ ಹಾಯಿಸಿ ಛಾಯಾಚಿತ್ರದ ಫಲಕದ ಮೇಲೆ ಚುಕ್ಕೆಗಳನ್ನು ಪಡೆದರು. ಆ ಹರಳು ಯಾವುದು ಗೊತ್ತೇ? ನಮ್ಮ ದ್ರಾಕ್ಷಿ, ದಾಳಿಂಬೆ ಬೆಳೆಗಾರರು ಸುಣ್ಣದೊಡನೆ ಕಲಸಿ ಗಿಡಕ್ಕೆ ಸಿಂಪಡಿಸುವ ಮೈಲುತುತ್ತ, ಅಂದರೆ ತಾಮ್ರದ ಸಲ್ಫೇಟು. ಮರುವರ್ಷ ಇಂಗ್ಲೆಂಡಿನ ಬ್ರ್ಯಾಗ್ ತಂದೆ-ಮಕ್ಕಳು ಅಡುಗೆ ಉಪ್ಪಿನೊಳಗೆ ಸೋಡಿಯಂ, ಕ್ಲೋರಿನ್ ಪರಮಾಣುಗಳು ಯಾವ ಕ್ರಮದಲ್ಲಿ ಕುಳಿತಿವೆ ಎಂಬುದನ್ನು ಇದೇ ವಿಧಾನದಿಂದ ಬಿಡಿಸಿದರು. 1915ರಲ್ಲಿ ಇಬ್ಬರಿಗೂ ನೊಬೆಲ್ ಬಂದಾಗ ಮಗನ ವಯಸ್ಸು 25.

ಮುಂದೆ ಸಾವಿರಾರು ವಸ್ತುಗಳ ಒಳರಚನೆ ಹೀಗೆಯೇ ತಿಳಿಯುತ್ತ ಬಂತು. ನಮ್ಮ ಇಳಕಲ್ ಸೀರೆಯ ಸೆರಗಿನಲ್ಲಿರುವ ರೇಷ್ಮೆಯನ್ನೇ ನೋಡಿ. ರೇಷ್ಮೆಯ ಫೈಬ್ರಾಯಿನ್ ಎಂಬ ಪ್ರೋಟೀನಿನ ಸರಪಳಿಗಳು ಮಡಿಕೆ ಹಾಕಿದ ಹಾಳೆಗಳಂತೆ ಒಂದರ ಮೇಲೊಂದು ಜೋಡಣೆಗೊಂಡಿವೆ ಎಂಬ ಚಿತ್ರವನ್ನು ಮಾರ್ಶ್, ಕೋರಿ, ಪಾಲಿಂಗ್ ಎಂಬ ಮೂವರು 1955ರಲ್ಲಿ ಕೊಟ್ಟದ್ದು ಕ್ಷ-ಕಿರಣದ ಬಲದಿಂದಲೇ.

ನಷ್ಟವೆಂದು ಬಗೆದ ಬೆಳಕು

ಈಗ ಸಿಂಕ್ರೊಟ್ರಾನಿಗೆ ಬರೋಣ. ಸಾಣೆ ಹಿಡಿಯುವವನ ಚಕ್ರಕ್ಕೆ ಕತ್ತಿ ತಾಗಿದಾಗ ಕಿಡಿಗಳು ಚಕ್ರದ ಸುತ್ತ ಸುತ್ತದೆ ಅಂಚಿನಿಂದ ನೇರವಾಗಿ ಹೊರಗೆ ಹಾರುವುದನ್ನು ನೀವು ಸಂತೆಯಲ್ಲಿ ಕಂಡಿದ್ದೀರಿ. ಎಲೆಕ್ಟ್ರಾನುಗಳನ್ನು ಹೆಚ್ಚುಕಡಿಮೆ ಬೆಳಕಿನ ವೇಗಕ್ಕೆ ಏರಿಸಿ, ನಿರ್ವಾತದ ಕೊಳವೆಯಲ್ಲಿ ಅಯಸ್ಕಾಂತಗಳಿಂದ ಬಾಗಿಸಿ ಸುತ್ತಿಸಿದರೆ, ಬಾಗುವ ಪ್ರತಿ ಎಡೆಯಲ್ಲೂ ಅವು ಹಾಗೆಯೇ ಮುಂದಕ್ಕೆ ಬೆಳಕನ್ನು ಚೆಲ್ಲುತ್ತವೆ. ಹೋಲಿಕೆ ದಿಕ್ಕಿಗಷ್ಟೇ ಸಲ್ಲುತ್ತದೆ. ಸಾಣೆಯ ಕಿಡಿ ಲೋಹದ ಚೂರು, ಇಲ್ಲಿ ಹೊರಬರುವುದು ಶುದ್ಧ ವಿಕಿರಣ.

ಈ ಬೆಳಕನ್ನು ಯಂತ್ರವೊಂದರಲ್ಲಿ ಮೊದಲಿಗೆ ಕಣ್ಣಾರೆ ಕಂಡದ್ದು 1947ರ ಏಪ್ರಿಲ್ 24ರಂದು, ಅಮೆರಿಕದ ಸ್ಕೆನೆಕ್ಟಡಿಯ ಜನರಲ್ ಎಲೆಕ್ಟ್ರಿಕ್ ಪ್ರಯೋಗಶಾಲೆಯಲ್ಲಿ. ನಮಗೆ ಸ್ವಾತಂತ್ರ್ಯ ಬರಲು ಇನ್ನೂ ನಾಲ್ಕು ತಿಂಗಳಿತ್ತು. ಕೊಳವೆಯಲ್ಲಿ ಕಿಡಿ ಹಾರುತ್ತಿದೆಯೇ ಎಂದು ಪರೀಕ್ಷಿಸಲು ತಂತ್ರಜ್ಞನೊಬ್ಬ ಕಾಂಕ್ರೀಟ್ ಗೋಡೆಯ ಮರೆಯಿಂದ ಕನ್ನಡಿಯಲ್ಲಿ ನೋಡಿದಾಗ ಪ್ರಖರವಾದ ಬೆಳಕು ಕಂಡಿತು. ಬಹಳ ಕಾಲ ಭೌತವಿಜ್ಞಾನಿಗಳು ಇದನ್ನು ನಷ್ಟವೆಂದೇ ಬಗೆದರು. ಕಣಗಳಿಗೆ ಕೊಟ್ಟ ಶಕ್ತಿ ಹೀಗೆ ಸೋರಿಹೋಗುತ್ತದಲ್ಲ ಎಂಬುದು ಅವರ ಕೊರಗು. ಆ ಸೋರಿಕೆಯಲ್ಲಿ ಅತ್ಯಂತ ತೀವ್ರವಾದ ಕ್ಷ-ಕಿರಣ ದೊರೆಯುವುದೆಂದು ಮನಗಂಡ ಮೇಲೆ ಬೆಳಕಿಗಾಗಿಯೇ ಬಳೆಗಳನ್ನು ಕಟ್ಟಲಾರಂಭಿಸಿದರು. ಇಂಗ್ಲೆಂಡಿನ ಡೇರ್ಸ್‌ಬರಿಯಲ್ಲಿ 1981ರಲ್ಲಿ ಅಂಥದೊಂದು ಕೆಲಸಕ್ಕೆ ತೊಡಗಿತು. ಫ್ರಾನ್ಸಿನ ಗ್ರೆನೋಬಲ್‌ನ ದೊಡ್ಡ ಯುರೋಪಿಯನ್ ಕೇಂದ್ರ 1994ರಲ್ಲಿ ಬಳಕೆದಾರರಿಗೆ ತೆರೆಯಿತು.

ಬೆಂಗಳೂರಿನ ನೇರಳೆ ಹರಳು

ಈ ಇತಿಹಾಸದಲ್ಲಿ ಕರ್ನಾಟಕದ ಪಾಲು ಏನು? ಇಲ್ಲಿ ನಾನು ಹೇಳಲೇಬೇಕಾದ ಒಂದು ಸಂಗತಿಯಿದೆ.

ಹಿಂದೆ ಊರಿನ ಬಾವಿಗಳಿಗೆ ಕಾಲರಾ ಬಂದ ದಿನಗಳಲ್ಲಿ ಸುರಿಯುತ್ತಿದ್ದ, ನಮ್ಮ ಪ್ರಯೋಗಶಾಲೆಯ ಬಾಟಲಿಯಲ್ಲಿ ನೀವೆಲ್ಲ ಕಂಡ ನೇರಳೆ ಬಣ್ಣದ ಪೊಟ್ಯಾಸಿಯಂ ಪರ್ಮ್ಯಾಂಗನೇಟ್ ಹರಳನ್ನು ನೆನೆಯಿರಿ. 1957ರ ಸುಮಾರಿಗೆ ಎಸ್. ರಾಮಶೇಷನ್ ಅವರು ಬೆಂಗಳೂರಿನಲ್ಲಿ ತಮ್ಮ ಸಂಗಡಿಗರೊಡನೆ ಇದೇ ಹರಳಿನ ಮೇಲೆ ಬೇರೆ ಬೇರೆ ತರಂಗಾಂತರದ ಕ್ಷ-ಕಿರಣಗಳನ್ನು ಬಿಟ್ಟು ಅಳೆದರು. ಪ್ರತಿಯೊಂದು ಮೂಲವಸ್ತುವಿಗೂ ತನ್ನದೇ ಆದ ಒಂದು ಹೀರಿಕೆಯ ಅಂಚು ಇರುತ್ತದೆ. ಕಿರಣದ ಶಕ್ತಿ ಆ ಅಂಚಿನ ಸಮೀಪಕ್ಕೆ ಬಂದಾಗ ಆ ಪರಮಾಣು ಮಾತ್ರ ಕಿರಣವನ್ನು ಬೇರೆ ರೀತಿಯಲ್ಲಿ ಚದುರಿಸುತ್ತದೆ. ಜನಸಂದಣಿಯಲ್ಲಿ ಹೆಸರು ಹಿಡಿದು ಕರೆದಾಗ ಆ ಹೆಸರಿನವನೊಬ್ಬ ತಿರುಗಿ ನೋಡುವಂತೆ ಎನ್ನಬಹುದು. ತರಂಗಾಂತರ ಬದಲಿಸುತ್ತ ಹೋದರೆ ಹರಳಿನ ರಚನೆಯ ಒಗಟನ್ನು ಬಿಡಿಸಬಹುದೆಂಬುದು ರಾಮಶೇಷನ್ ಮತ್ತು ಅವರ ಸಮಕಾಲೀನರು ಬೆಳೆಸಿದ ವಿಚಾರ.

ವಿಚಾರ ಸರಿಯಾಗಿತ್ತು, ಉಪಕರಣ ಸಾಲದಾಗಿತ್ತು. ಪ್ರಯೋಗಶಾಲೆಯ ಕ್ಷ-ಕಿರಣ ಕೊಳವೆ ಗುಡಿಯ ಗಂಟೆಯಿದ್ದಂತೆ. ತಾಮ್ರದ ಗುರಿಫಲಕ ಹಾಕಿದರೆ ತಾಮ್ರದ ಸ್ವರ, ಮಾಲಿಬ್ಡಿನಂ ಹಾಕಿದರೆ ಅದರ ಸ್ವರ, ಅಷ್ಟೇ. ಬೇಕಾದ ಸ್ವರವನ್ನು ಬೇಕಾದಾಗ ನುಡಿಸಲು ಹಾರ್ಮೋನಿಯಂ ಬೇಕು. ಸಿಂಕ್ರೊಟ್ರಾನಿನಲ್ಲಿ ಎಲ್ಲ ತರಂಗಾಂತರಗಳೂ ಒಟ್ಟಿಗೆ ಹೊರಬರುವುದರಿಂದ, ಸಿಲಿಕಾನ್ ಹರಳುಗಳನ್ನು ಅಗತ್ಯ ಕೋನಕ್ಕೆ ತಿರುಗಿಸಿ ಬೇಕಾದುದನ್ನು ಆರಿಸಿಕೊಳ್ಳಬಹುದು. 1980ರ ದಶಕದಲ್ಲಿ ಅಮೆರಿಕದ ವೇಯ್ನ್ ಹೆಂಡ್ರಿಕ್ಸನ್ ಮುಂತಾದವರು ಪ್ರೋಟೀನುಗಳ ರಚನೆ ಬಿಡಿಸಲು ಈ ಮಾರ್ಗವನ್ನು ರೂಢಿಗೆ ತಂದರು. ಚಿದಂಬರದಲ್ಲಿ ಹುಟ್ಟಿದ ವೆಂಕಟರಾಮನ್ ರಾಮಕೃಷ್ಣನ್ ಅವರಿಗೆ 2009ರಲ್ಲಿ ನೊಬೆಲ್ ತಂದುಕೊಟ್ಟ ರೈಬೋಸೋಮಿನ ರಚನೆಯೂ ಸಿಂಕ್ರೊಟ್ರಾನ್ ಬೆಳಕಿನಿಂದಲೇ ತಿಳಿದದ್ದು. ಯಂತ್ರ ಬರುವ ಮೊದಲೇ ಅದರಿಂದ ಕೇಳಬೇಕಾದ ಪ್ರಶ್ನೆ ಬೆಂಗಳೂರಿನಲ್ಲಿ ಸಿದ್ಧವಾಗಿತ್ತೆಂಬುದನ್ನು ನಮ್ಮ ಮಕ್ಕಳಿಗೆ ಹೇಳಬೇಕು.

ತುಮಕೂರಿನವರ ಹೆಸರಿನ ಕೇಂದ್ರ

ಇನ್ನು ಭಾರತದ ಸ್ವಂತ ಬಳೆಗಳ ಕಥೆ. ತುಮಕೂರಿನಲ್ಲಿ 1925ರ ಜನವರಿ 28ರಂದು ಹುಟ್ಟಿದ ರಾಜಾ ರಾಮಣ್ಣನವರ ಹೆಸರು ನಿಮಗೆ ಗೊತ್ತು. 1974ರ ಪೋಖರಣ್ ಪರೀಕ್ಷೆಯೊಡನೆ ಅವರ ಹೆಸರು ಸೇರಿಕೊಂಡಿರುವುದರಿಂದ ಉಳಿದ ಕೆಲಸ ಮರೆಗೆ ಸರಿದಿದೆ. ಅವರು ಅಣುಶಕ್ತಿ ಆಯೋಗದ ಅಧ್ಯಕ್ಷರಾಗಿದ್ದಾಗ, 1984ರ ಫೆಬ್ರವರಿ 19ರಂದು, ಇಂದೋರಿನಲ್ಲಿ ಲೇಸರ್ ಮತ್ತು ವೇಗವರ್ಧಕಗಳ ಅಭ್ಯಾಸಕ್ಕಾಗಿ ಉನ್ನತ ತಂತ್ರಜ್ಞಾನ ಕೇಂದ್ರಕ್ಕೆ ರಾಷ್ಟ್ರಪತಿ ಗ್ಯಾನಿ ಜೈಲ್ ಸಿಂಗ್ ಅಡಿಗಲ್ಲಿಟ್ಟರು. ಅಲ್ಲಿ 1999ರಲ್ಲಿ ದೇಶದ ಮೊದಲ ಸಿಂಕ್ರೊಟ್ರಾನ್ ಬೆಳಕಿನ ಆಕರ ಇಂಡಸ್-1 ಸಿದ್ಧವಾಯಿತು. ಅದರಲ್ಲಿ ಎಲೆಕ್ಟ್ರಾನಿನ ಶಕ್ತಿ 45 ಕೋಟಿ ಎಲೆಕ್ಟ್ರಾನ್ ವೋಲ್ಟ್. ಕ್ಷ-ಕಿರಣಕ್ಕೆ ಅದು ಸಾಲದು. ಅದಕ್ಕಾಗಿ ಕಟ್ಟಿದ ಇಂಡಸ್-2ರ ಶಕ್ತಿ 250 ಕೋಟಿ ಎಲೆಕ್ಟ್ರಾನ್ ವೋಲ್ಟ್, ಸುತ್ತಳತೆ ಸುಮಾರು 172 ಮೀಟರ್. ಶಾಲೆಯ ಕ್ರೀಡಾಕೂಟಕ್ಕೆ ನಾವು ಸುಣ್ಣದಲ್ಲಿ ಎಳೆಯುತ್ತಿದ್ದ 200 ಮೀಟರಿನ ಓಟದ ಪಥಕ್ಕಿಂತ ಸ್ವಲ್ಪ ಚಿಕ್ಕದು.

ರಾಮಣ್ಣನವರು 2004ರ ಸೆಪ್ಟೆಂಬರ್ 24ರಂದು ತೀರಿಕೊಂಡರು. ಮರುವರ್ಷದ ಡಿಸೆಂಬರಿನಲ್ಲಿ ಕೇಂದ್ರಕ್ಕೆ ಅವರ ಹೆಸರಿಟ್ಟರು. ಇಂಡಸ್-2ರಲ್ಲಿ ಬೆಳಕು ಕಂಡದ್ದೂ ಆ ಹೊತ್ತಿಗೇ. ಪಿಯಾನೋ ನುಡಿಸುವುದರಲ್ಲಿ ಪರಿಣತರಾಗಿದ್ದ ಅವರ ಹೆಸರು, ಎಲ್ಲ ಸ್ವರಗಳನ್ನೂ ಹೊರಡಿಸುವ ಬೆಳಕಿನ ಬಳೆಯಿರುವ ಕೇಂದ್ರಕ್ಕೆ ಒಪ್ಪುತ್ತದೆ ಎಂದು ನನಗನಿಸುತ್ತದೆ.

ಇದಲ್ಲದೆ ಭಾರತೀಯ ಸಂಶೋಧಕರಿಗಾಗಿ ಹೊರದೇಶಗಳಲ್ಲೂ ಬಾಗಿಲು ತೆರೆಯಿತು. ಜಪಾನಿನ ತ್ಸುಕುಬಾದ ಫೋಟಾನ್ ಫ್ಯಾಕ್ಟರಿಯಲ್ಲಿ ಭಾರತೀಯ ಬೀಮ್‌ಲೈನ್ ಸ್ಥಾಪನೆಯಾಯಿತು. ಇಟಲಿಯ ಟ್ರಿಯೆಸ್ಟಿನ ಎಲೆಟ್ರಾದಲ್ಲಿ ಬೆಂಗಳೂರಿನ ಭಾರತೀಯ ವಿಜ್ಞಾನ ಸಂಸ್ಥೆಯ ಸಹಭಾಗಿತ್ವದಲ್ಲಿ ಬೀಮ್‌ಲೈನುಗಳು ಬಂದವು. ಹ್ಯಾಂಬರ್ಗಿನ ಪೆಟ್ರಾ-3ರಲ್ಲಿ ಭಾರತೀಯರಿಗೆ ಸಮಯ ದೊರಕಿಸುವ ಕೆಲಸದಲ್ಲಿ ಬೆಂಗಳೂರಿನ ಜವಾಹರಲಾಲ್ ನೆಹರೂ ಕೇಂದ್ರ ಮುಂದಾಯಿತು. ಹೀಗಿರುವಾಗ "ನಮ್ಮಂಥವರು" ಎಂಬ ಸಂಕೋಚಕ್ಕೆ ಎಡೆಯೆಲ್ಲಿ? ಇಂಥ ಬಹುತೇಕ ಕೇಂದ್ರಗಳಲ್ಲಿ, ಫಲಿತಾಂಶವನ್ನು ಬಹಿರಂಗವಾಗಿ ಪ್ರಕಟಿಸುವ ವಿಶ್ವವಿದ್ಯಾಲಯದ ಸಂಶೋಧಕರಿಂದ ಬೆಳಕಿಗೆ ಬಾಡಿಗೆ ಕೇಳುವ ಪದ್ಧತಿಯಿಲ್ಲ. ಕೇಳುವುದು ಒಂದು ಒಳ್ಳೆಯ ಪ್ರಶ್ನೆಯನ್ನು.

ಹೋಗುವವರಿಗೆ ಕೆಲವು ಮಾತು

ನನ್ನ ವಿದ್ಯಾರ್ಥಿನಿಯ ಅನುಭವದಿಂದ ಬರೆದುಕೊಂಡದ್ದನ್ನು ಪಾಠದ ಕ್ರಮದಲ್ಲಿ ಕೊಡುತ್ತೇನೆ.

ಒಂದನೆಯದು, ಪ್ರಸ್ತಾವ. ನಿಮ್ಮ ಕೆಲಸಕ್ಕೆ ಸಿಂಕ್ರೊಟ್ರಾನೇ ಏಕೆ ಬೇಕು ಎಂಬುದಕ್ಕೆ ಎರಡು ವಾಕ್ಯಗಳಲ್ಲಿ ಉತ್ತರ ಹೇಳಲು ಬರಬೇಕು. ಕಾಲೇಜಿನ ಯಂತ್ರದಲ್ಲಿ ಆಗುವ ಕೆಲಸಕ್ಕೆ ಅಲ್ಲಿ ಸಮಯ ದೊರೆಯದು. ಒಂದು ಉದಾಹರಣೆಯನ್ನು ಊಹಿಸೋಣ. ಬಾದಾಮಿಯ ಮರಳುಗಲ್ಲು ಕೆಂಪಾಗಿರುವುದು ಕಬ್ಬಿಣದ ಆಕ್ಸೈಡಿನಿಂದ. "ಬಾದಾಮಿ ಕಲ್ಲನ್ನು ಪರೀಕ್ಷಿಸಬೇಕು" ಎಂದರೆ ಅದು ಪ್ರಶ್ನೆಯಾಗಲಿಲ್ಲ. "ಬಣ್ಣ ಮಾಸಿದ ಪದರದಲ್ಲಿ ಕಬ್ಬಿಣದ ರಾಸಾಯನಿಕ ಸ್ಥಿತಿ ಬದಲಾಗಿದೆಯೇ? ಇದ್ದರೆ ಎಷ್ಟು ಆಳದವರೆಗೆ?" ಎಂದರೆ ಪ್ರಶ್ನೆಯಾಯಿತು. ಕಬ್ಬಿಣದ ಹೀರಿಕೆಯ ಅಂಚು 7112 ಎಲೆಕ್ಟ್ರಾನ್ ವೋಲ್ಟಿನಲ್ಲಿದೆ. ಆಕ್ಸಿಡೀಕರಣಗೊಂಡಷ್ಟೂ ಅದು ಕೆಲವು ವೋಲ್ಟ್ ಮೇಲಕ್ಕೆ ಸರಿಯುತ್ತದೆ. ಆ ಸಣ್ಣ ಸರಿತವನ್ನು ಅಳೆಯಲು ಶಕ್ತಿಯನ್ನು ಸೂಕ್ಷ್ಮವಾಗಿ ಬದಲಿಸಬಲ್ಲ ಆಕರ ಬೇಕು ಎಂದು ಬರೆದರೆ ವಾದ ನಿಂತಿತು. ಜೊತೆಗೆ ಒಂದು ಎಚ್ಚರಿಕೆ. 578ರ ಶಾಸನವಿರುವ ಮೂರನೆಯ ಗುಹೆಯಂಥ ಸಂರಕ್ಷಿತ ಸ್ಮಾರಕದಿಂದ, ಕೆಳಗೆ ಬಿದ್ದ ಚೂರೇ ಆದರೂ, ಪುರಾತತ್ತ್ವ ಇಲಾಖೆಯ ಅನುಮತಿಯಿಲ್ಲದೆ ಎತ್ತತಕ್ಕದ್ದಲ್ಲ. ಸಂಶೋಧನೆ ಎಂಬ ಹೆಸರು ಕಳವನ್ನು ಶುದ್ಧಮಾಡುವುದಿಲ್ಲ.

ಎರಡನೆಯದು, ಪ್ರಸ್ತಾವ ಬರೆಯುವ ಮೊದಲೇ ಆ ಬೀಮ್‌ಲೈನನ್ನು ನೋಡಿಕೊಳ್ಳುವ ವಿಜ್ಞಾನಿಗೆ ಪತ್ರ ಬರೆಯಿರಿ. ಮಾದರಿ ಏನು, ಎಷ್ಟಿದೆ, ಏನು ತಿಳಿಯಬೇಕು ಎಂಬುದನ್ನು ನೇರವಾಗಿ ತಿಳಿಸಿ. ಈ ಕೆಲಸ ತಮ್ಮಲ್ಲಿ ಆಗದು, ಇಂಥ ಬೀಮ್‌ಲೈನಿಗೆ ಹೋಗಿ ಎಂದು ಅವರು ಹೇಳಿದರೆ ಒಂದು ವರ್ಷ ಉಳಿಯಿತೆಂದು ತಿಳಿಯಿರಿ. ಕೇಳಲು ನಾಚಿಕೆ ಬೇಡ.

ಮೂರನೆಯದು, ಮಾದರಿಯ ಸಿದ್ಧತೆ. ಅರ್ಧ ಪ್ರಯೋಗ ಮನೆಯಲ್ಲೇ ಮುಗಿದಿರಬೇಕು ಎಂದು ಅವಳು ಒತ್ತಿ ಹೇಳಿದಳು. ಮಾದರಿ ಶುದ್ಧವೇ ಎಂಬುದನ್ನು ಕಾಲೇಜಿನ ಯಂತ್ರದಲ್ಲೇ ಪರೀಕ್ಷಿಸಿ ಒಯ್ಯಿರಿ. ಹೀರಿಕೆಯ ಪ್ರಯೋಗಕ್ಕೆ ಪುಡಿಯನ್ನು ನುಣ್ಣಗೆ ಅರೆದು, ಸೋಸಿ, ಬೋರಾನ್ ನೈಟ್ರೈಡಿನಂಥ ಹಗುರ ಪುಡಿಯಲ್ಲಿ ಸಮವಾಗಿ ಬೆರೆಸಿ ಬಿಲ್ಲೆ ಒತ್ತುತ್ತಾರೆ. ದಪ್ಪವಾದರೆ ಕಿರಣ ಆಚೆ ಬಾರದು, ತೆಳುವಾದರೆ ಅಂಚು ಕಾಣದು. ಎಷ್ಟು ತೂಕ ಬೇಕೆಂಬ ಲೆಕ್ಕವನ್ನು ಮೊದಲೇ ಮಾಡಿರಿ. ಪ್ರತಿ ಮಾದರಿಗೂ ಒಂದು ಹೆಚ್ಚಿನ ಪ್ರತಿ ಇರಲಿ. ಅಳತೆಗೋಲಾಗಿ ತಿಳಿದ ವಸ್ತುವೂ ಸಂಗಡ ಬೇಕು. ಕಬ್ಬಿಣದ ಅಧ್ಯಯನವಾದರೆ ಕಬ್ಬಿಣದ ತಗಡು, ಪುಡಿಯ ವಿವರ್ತನೆಯಾದರೆ ಸಿಲಿಕಾನ್ ಅಥವಾ ಲ್ಯಾಂಥನಂ ಹೆಕ್ಸಾಬೋರೈಡ್. ಮಾದರಿಯಿಲ್ಲದ ಖಾಲಿ ನಳಿಗೆಯನ್ನೂ ಒಮ್ಮೆ ಅಳೆಯಬೇಕು. ಇಲ್ಲದಿದ್ದರೆ ಗಾಜಿನ ಗುಣವನ್ನು ಮಾದರಿಯ ಗುಣವೆಂದು ಬರೆದೀರಿ.

ನಾಲ್ಕನೆಯದು, ಪ್ರವೇಶ ಮತ್ತು ಸುರಕ್ಷತೆ. ಇಂದೋರಿನದು ಅಣುಶಕ್ತಿ ಇಲಾಖೆಯ ಆವರಣ. ಪ್ರವೇಶಪತ್ರದ ಕಾಗದಪತ್ರಗಳನ್ನು ಹೊರಡುವ ಮುನ್ನವೇ ಪೂರೈಸಬೇಕು, ಮಾದರಿಗಳ ಪಟ್ಟಿಯನ್ನು ಮುಚ್ಚುಮರೆಯಿಲ್ಲದೆ ಕೊಡಬೇಕು. ವಿಕಿರಣ ಅಳೆಯುವ ಬ್ಯಾಡ್ಜನ್ನು ಎದೆಯ ಮೇಲೆಯೇ ಧರಿಸಬೇಕು, ಚೀಲದಲ್ಲಿಟ್ಟರೆ ಅದು ಚೀಲದ ಲೆಕ್ಕ ಹೇಳುತ್ತದೆ. ಕಿರಣ ಬೀಳುವ ಸೀಸದ ಕೋಣೆಗೆ ಹಚ್ ಎನ್ನುತ್ತಾರೆ. ಬಾಗಿಲು ಮುಚ್ಚುವ ಮೊದಲು ಒಳಗೆ ಯಾರೂ ಇಲ್ಲವೆಂದು ಸುತ್ತಾಡಿ ನೋಡಿ, ಗುಂಡಿ ಒತ್ತಿ, ಹೊರಬರುವ ಕ್ರಮವಿದೆ. ಬಾಗಿಲು ತೆರೆದಿದ್ದರೆ ಕಿರಣ ಬರದಂತೆ ಇಂಟರ್‌ಲಾಕ್ ತಡೆಯುತ್ತದೆ. ಗಡಿಬಿಡಿಯಲ್ಲಿ ಅದನ್ನು ತಪ್ಪಿಸುವ ಜಾಣತನ ಯಾರೂ ತೋರಬಾರದು. ಎಡಿಸನ್ನನ ಸಹಾಯಕ ಕ್ಲಾರೆನ್ಸ್ ಡ್ಯಾಲಿ ಕ್ಷ-ಕಿರಣಕ್ಕೆ ದಿನವೂ ಕೈಯೊಡ್ಡಿ, ಕೈಗಳನ್ನು ಕಳೆದುಕೊಂಡು 1904ರಲ್ಲಿ ಸತ್ತ. ಅಂಥವರ ನೋವಿನಿಂದ ಹುಟ್ಟಿದ ನಿಯಮಗಳಿವು.

ಐದನೆಯದು, ಪಾಳಿಯ ಕೆಲಸ. ಸಮಯವನ್ನು ಸಾಮಾನ್ಯವಾಗಿ ಎಂಟು ಗಂಟೆಯ ಪಾಳಿಗಳಲ್ಲಿ ಕೊಡುತ್ತಾರೆ. ಬೆಳಕು ರಾತ್ರಿಯೂ ಇರುತ್ತದೆ, ನಿದ್ದೆಗೆಟ್ಟ ಮನುಷ್ಯ ತಪ್ಪುತ್ತಾನೆ. ಆದ್ದರಿಂದ ಮೂವರಾದರೂ ಹೋಗಿ, ಸರದಿಯಲ್ಲಿ ಮಲಗಿ. ಬಳೆಯಲ್ಲಿ ಎಲೆಕ್ಟ್ರಾನುಗಳು ಕ್ರಮೇಣ ಕಡಿಮೆಯಾಗಿ ಮತ್ತೆ ತುಂಬುವ ಹೊತ್ತು ಬಂದಾಗ ಪ್ರಯೋಗ ನಿಲ್ಲಬಹುದು. ಆ ಬಿಡುವನ್ನು ಮಾದರಿ ಬದಲಿಸಲು ಬಳಸಿ. ಬಹು ಮುಖ್ಯವಾದ ಮಾದರಿಯನ್ನು ಮೊದಲ ಪಾಳಿಯಲ್ಲೇ ಅಳೆಯಿರಿ, ಕೊನೆಯ ಪಾಳಿಯನ್ನು ಯಾರೂ ಖಾತ್ರಿಪಡಿಸಲಾರರು.

ಆರನೆಯದು, ಅಲ್ಲಿರುವಾಗಲೇ ದತ್ತಾಂಶವನ್ನು ನೋಡುವುದು. ತೀವ್ರವಾದ ಕಿರಣ ಮಾದರಿಯನ್ನೇ ಕೆಡಿಸಬಲ್ಲದು. ಪ್ರೋಟೀನಿನ ಹರಳುಗಳನ್ನು ದ್ರವ ಸಾರಜನಕದ ತಂಪಿನಲ್ಲಿಡುವುದು ಈ ಕೇಡನ್ನು ತಗ್ಗಿಸಲೆಂದೇ. ಒಂದೇ ಅಳತೆಯನ್ನು ಮೂರು ಸಲ ಮಾಡಿ, ಮೊದಲನೆಯದನ್ನೂ ಮೂರನೆಯದನ್ನೂ ಒಂದರ ಮೇಲೊಂದಿಟ್ಟು ನೋಡಿ. ಎರಡೂ ಹೊಂದದಿದ್ದರೆ ಮಾದರಿ ಬದಲಾಗುತ್ತಿದೆ, ಜಾಗ ಸರಿಸಿ ಅಳೆಯಿರಿ. ಊರಿಗೆ ಬಂದು ನೋಡೋಣವೆಂದರೆ ಮತ್ತೆ ಅಳೆಯಲು ಬೆಳಕಿರುವುದಿಲ್ಲ.

ಏಳನೆಯದು, ದಿನಚರಿ. ಯಾವ ಕಡತ, ಯಾವ ಮಾದರಿ, ಎಷ್ಟು ಗಂಟೆ, ಎಷ್ಟು ಶಕ್ತಿ, ಏನು ವಿಚಿತ್ರ ಕಂಡಿತು ಎಂದು ಪುಸ್ತಕದಲ್ಲಿ ಕೈಯಿಂದ ಬರೆಯಿರಿ. ಪ್ರಯೋಗದ ವಹಿಯನ್ನು ಅಂದಂದೇ ಬರೆಯಿರೆಂದು ನಾನು ನಿಮ್ಮನ್ನು ಕಾಡುತ್ತಿದ್ದುದು ಇದಕ್ಕಾಗಿಯೇ. ಕಡತಗಳನ್ನು ಎರಡು ಕಡೆ ನಕಲಿಸಿ, ಇಬ್ಬರು ಬೇರೆ ಬೇರೆ ಚೀಲದಲ್ಲಿ ತನ್ನಿ. ಬಂದ ಮೇಲೆ ವರದಿ ಕಳಿಸಿ. ನಿರೀಕ್ಷಿಸಿದ ಫಲ ಬಾರದಿದ್ದರೆ ಅದನ್ನೂ ಬರೆಯಿರಿ. ಪ್ರಬಂಧದಲ್ಲಿ ಬೀಮ್‌ಲೈನಿನ ಉಪಕಾರ ಸ್ಮರಿಸುವುದನ್ನು ಮರೆಯಬೇಡಿ, ಮುಂದಿನ ಹುಡುಗನಿಗೆ ಬಾಗಿಲು ತೆರೆದಿರುವುದು ಆ ದಾಖಲೆಗಳ ಬಲದಿಂದ.

ಇಷ್ಟನ್ನು ಓದಿದ ಮೇಲೆ ನಮ್ಮ ಹುಡುಗ ಪ್ರಸ್ತಾವ ಬರೆಯಲು ಕುಳಿತಿದ್ದಾನೆ. ಒಪ್ಪಿಗೆಯಾಗುವುದೋ ಇಲ್ಲವೋ ಗೊತ್ತಿಲ್ಲ. ಮೊದಲ ಸಲಕ್ಕೆ ತಿರಸ್ಕೃತವಾದರೆ ಪರೀಕ್ಷಕರ ಟಿಪ್ಪಣಿಯನ್ನು ಜೋಪಾನವಾಗಿಟ್ಟುಕೊಂಡು ಮತ್ತೆ ಬರೆಯಬೇಕೆಂದು ಹೇಳಿದ್ದೇನೆ. ನಿಮ್ಮಲ್ಲಿ ಯಾರಾದರೂ ಇಂದೋರಿನಲ್ಲೋ ಹೊರದೇಶದಲ್ಲೋ ಇಂಥ ಬೀಮ್‌ಲೈನಿನಲ್ಲಿ ಕೆಲಸ ಮಾಡಿದವರಿದ್ದರೆ ನನಗೆ ಬರೆಯಿರಿ. ಬಾಗಲಕೋಟೆ, ಬಾದಾಮಿ, ಹುನಗುಂದ, ಇಳಕಲ್ ಕಡೆಯ ಕಾಲೇಜುಗಳಲ್ಲಿ ಎಂ.ಎಸ್ಸಿ. ಓದುತ್ತಿರುವ ಮಕ್ಕಳಿಗೆ ನಿಮ್ಮ ಅರ್ಧ ಗಂಟೆಯ ಮಾತು ಬಹಳ ಉಪಯೋಗವಾದೀತು. ಅವರ ಹೆಸರುಗಳ ಪಟ್ಟಿ ನನ್ನಲ್ಲಿದೆ.

ಎಲ್ಲರಿಗೂ ಶುಭವಾಗಲಿ.